ಮನೆಯಲ್ಲಿ ಮಾಡಿದ ಕ್ಲೇ ಕರಾವಳಿಯಲ್ಲಿ ಯಾಕೆ ಕೈಕೊಡುತ್ತದೆ: ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆ ಸಣ್ಣಪುಟ್ಟ ಕರಕುಶಲ ಮಾಡುವವರ ಮನೆಯಲ್ಲಿ ಎರಡು ಬಗೆಯ ಕ್ಲೇ ಜಾಸ್ತಿ ನಡೆಯುತ್ತದೆ. ಒಂದು, ಕಾರ್ನ್‌ಫ್ಲೋರ್ ಮತ್ತು ಬಿಳಿ ಗೋಂದು ಸೇರಿಸಿ ಒಲೆಯ ಮೇಲೆ ತಿರುವಿದ್ದು. ಇದಕ್ಕೆ ಕೋಲ್ಡ್ ಪೋರ್ಸಲೇನ್ ಎನ್ನುತ್ತಾರೆ. ಇನ್ನೊಂದು, ಮೈದಾ ಮತ್ತು ಉಪ್ಪು ಕಲಸಿದ ಹಿಟ್ಟು. ದೂರುಗಳು ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ಬಿರುಕು, ಅಂಟು, ಬೂಷ್ಟು, ಬೆವರು.

ಆಗ ಜನ ಮೊದಲು ಮಾಡುವ ಕೆಲಸ ಅಳತೆ ಬದಲಿಸುವುದು. ಹಿಟ್ಟು ಸ್ವಲ್ಪ ಜಾಸ್ತಿ, ಗೋಂದು ಸ್ವಲ್ಪ ಕಡಿಮೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಊರಿನಲ್ಲಿ ಹೆಚ್ಚಿನ ದೋಷ ಅಳತೆಯದ್ದಲ್ಲ, ನೀರಿನದ್ದು. ಒಳಗಿನ ನೀರು ಇನ್ನೂ ಹೋಗಿಲ್ಲ, ಇಲ್ಲವೇ ತುಂಬ ಅವಸರದಲ್ಲಿ ಹೋಗಿದೆ, ಇಲ್ಲವೇ ಹೊರಗಿನ ಗಾಳಿಯ ನೀರು ಒಳಗೆ ಬಂದಿದೆ. ಈ ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಇರಲಿ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನಿಂದ ಇಲ್ಲಿ ಹೆಂಚು ಮಾಡುತ್ತಿದ್ದರು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದೂ ಆ ಮಣ್ಣು ಸಿಗುತ್ತಿತ್ತು ಎಂದೇ. ಆ ಹೆಂಚು ಎಷ್ಟು ಮಳೆಗಾಲ ಕಂಡರೂ ಕರಗುವುದಿಲ್ಲ, ಯಾಕೆಂದರೆ ಅದು ಗೂಡಿನಲ್ಲಿ ಬೆಂದದ್ದು. ಬೆಂದ ಮಣ್ಣು ತಿರುಗಿ ಕೆಸರಾಗದು. ನಮ್ಮ ಅಡುಗೆಮನೆಯ ಕ್ಲೇ ಹಾಗಲ್ಲ. ಅದು ಬರೀ ಒಣಗಿದ್ದು. ನೀರು ಹೋದ ದಾರಿಯಲ್ಲೇ ವಾಪಸು ಬರುವುದಕ್ಕೆ ಅದರಲ್ಲಿ ಎಡೆ ಉಂಟು.

ದೋಷ ಕಂಡದ್ದು ಯಾವಾಗ?

ಬಿರುಕು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯಾವಾಗ ಕಂಡಿತು ಎನ್ನುವುದು ಮುಖ್ಯ. ನಾದುವಾಗಲೇ ಕ್ಲೇ ಕೆಟ್ಟಿದ್ದರೆ ಕಾರಣ ಒಲೆಯ ಮೇಲಿದೆ. ಆಕಾರ ಕೊಟ್ಟ ಮೊದಲ ಕೆಲವು ದಿನಗಳಲ್ಲಿ ಬಿರಿದರೆ ಒಣಗಿಸಿದ ಕ್ರಮದಲ್ಲಿದೆ. ಬಣ್ಣ ಎಲ್ಲ ಆಗಿ, ಬೇಸಿಗೆ ಪೂರ್ತಿ ಚೆನ್ನಾಗಿದ್ದು, ಜೂನ್ ಬಂದ ಮೇಲೆ ಮೆತ್ತಗಾದರೆ ಗಾಳಿಯಲ್ಲಿದೆ.

ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಹಲವರು ವಸ್ತುವನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದು ಲೆಕ್ಕ. ಜನವರಿಯಲ್ಲಿ ಇದು ಸರಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಮಳೆಯಲ್ಲಿ, ಇದು ಮೋಸ ಮಾಡುತ್ತದೆ. ನೀರು ಆವಿಯಾಗುವಾಗ ಮಾತ್ರ ತಂಪು ಹುಟ್ಟುವುದು. ಗಾಳಿಯೇ ತೇವದಿಂದ ತುಂಬಿರುವಾಗ ಆವಿಯಾಗುವುದೇ ಕಡಿಮೆ, ಹಾಗಾಗಿ ಹಸಿ ಕ್ಲೇಯೂ ಬೆಚ್ಚಗೇ ಇರುತ್ತದೆ.

ನಂಬಬಹುದಾದ ಪರೀಕ್ಷೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮಾಡಿದ ದಿನದ ತೂಕ ಬರೆದಿಡಿ, ಆಮೇಲೆ ದಿನಾ ಒಂದೇ ಹೊತ್ತಿಗೆ ತೂಗಿ. ಎರಡು ಮೂರು ದಿನ ತೂಕ ಇಳಿಯದೆ ನಿಂತರೆ ಒಣಗುವುದು ಮುಗಿಯಿತು ಎಂದರ್ಥ, ಅಥವಾ ಆ ಗಾಳಿಯಲ್ಲಿ ಒಣಗಬಹುದಾದಷ್ಟು ಒಣಗಿದೆ ಎಂದರ್ಥ. ಯಾವುದು ಎಂದು ತಿಳಿಯಲು ಒಂದು ರಾತ್ರಿ ಸಿಲಿಕಾ ಜೆಲ್ (ತೇವ ಹೀರುವ ಹರಳುಗಳ ಸಣ್ಣ ಚೀಲ) ಜೊತೆ ಮುಚ್ಚಿದ ಡಬ್ಬದಲ್ಲಿಟ್ಟು ಮತ್ತೆ ತೂಗಿ. ತೂಕ ಇನ್ನೂ ಇಳಿದರೆ ಒಳಗೆ ನೀರು ಉಳಿದಿತ್ತು. ಕಿವಿಯೋಲೆಯಂಥ ಸಣ್ಣ ವಸ್ತುಗಳಾದರೆ ಎಲ್ಲವನ್ನೂ ಒಟ್ಟಿಗೆ ತೂಗಿ, ಇಲ್ಲದಿದ್ದರೆ ತಕ್ಕಡಿಗೆ ವ್ಯತ್ಯಾಸ ಸಿಗುವುದಿಲ್ಲ. ಮುಂದಿನ ಎಲ್ಲ ದೋಷಗಳಿಗೂ ಈ ತೂಕದ ಚೀಟಿ ಬೇಕಾಗುತ್ತದೆ.

ಒಲೆಯ ಮೇಲಿನ ದೋಷಗಳು

ಸಾಧಾರಣ ಅಳತೆ ಹೀಗೆ. ಒಂದು ಕಪ್ ಕಾರ್ನ್‌ಫ್ಲೋರ್, ಒಂದು ಕಪ್ ಬಿಳಿ ಗೋಂದು, ಎರಡು ದೊಡ್ಡ ಚಮಚ ಬೇಬಿ ಆಯಿಲ್, ಎರಡು ದೊಡ್ಡ ಚಮಚ ವಿನೆಗರ್ ಅಥವಾ ಲಿಂಬೆರಸ. ಕಾರ್ನ್‌ಫ್ಲೋರ್ ಎಂದರೆ ಗೋಬಿ ಮಂಚೂರಿಗೆ ಹಾಕುವ ಅಚ್ಚ ಬಿಳಿ ಪುಡಿ. ಮೆಕ್ಕೆಜೋಳದ ಹಳದಿ ಹಿಟ್ಟು ಹಾಕಿದರೆ ಏನು ಮಾಡಿದರೂ ನುಣುಪು ಬರುವುದಿಲ್ಲ. ಗೋಂದು ಫೆವಿಕಾಲ್ ಎಂಆರ್‌ನಂಥ ಬಿಳಿಯದೇ ಆಗಬೇಕು. ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ವರ್ಷ ಕಳೆದಂತೆ ಕಮಟು ವಾಸನೆ ಬರಬಹುದು. ಬೇಬಿ ಆಯಿಲ್‌ಗೆ ಆ ತೊಂದರೆ ಇಲ್ಲ.

ಕಾರ್ನ್‌ಫ್ಲೋರಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುವುದು ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಒಲೆಯ ಮೇಲಿನ ಎಲ್ಲ ದೋಷಗಳೂ ಇದಕ್ಕೇ ಸೇರಿದವು. ಉರಿ ದೊಡ್ಡದಾದರೆ ಪಾತ್ರೆಯ ತಳದ್ದು ಬೆಂದು ಗಂಟಾಗುತ್ತದೆ, ಮೇಲಿನದ್ದು ಹಸಿ ಉಳಿಯುತ್ತದೆ. ಗೋಂದಿನಲ್ಲಿ ಹಿಟ್ಟು ಪೂರ್ತಿ ಕರಗುವ ತನಕ ಒಲೆ ಹಚ್ಚಬೇಡಿ. ಆಮೇಲೆ ಅತಿ ಸಣ್ಣ ಉರಿ, ಕೈ ಬಿಡದೆ ತಿರುವುವುದು. ಮುದ್ದೆ ಪಾತ್ರೆಯ ಬದಿ ಬಿಟ್ಟು ಬಂದು, ನಡುವೆ ಇನ್ನೂ ಸ್ವಲ್ಪ ಜಿಗುಟು ಇರುವಾಗಲೇ ಇಳಿಸಿ. ಬಿಸಿ ಪಾತ್ರೆ ಉಳಿದ ಕೆಲಸ ಮಾಡುತ್ತದೆ.

ಬೆಂದದ್ದು ಸಾಕಾ ಎಂದು ನೋಡಲು, ತಣಿದ ಮೇಲೆ ಒಂದು ಉಂಡೆ ತೆಗೆದು ಎರಡು ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಎಳೆ ಸಪೂರವಾಗುತ್ತಾ ಹೋಗಿ ಚೂಪು ತುದಿಯಾಗಿ ಕಡಿದರೆ ಹದ ಸರಿ. ಸ್ವಲ್ಪವೂ ಹಿಗ್ಗದೆ ಪಟ್ ಎಂದು ತುಂಡಾದರೆ ಹೆಚ್ಚು ಬೆಂದಿದೆ. ಬೆರಳಿಗೆ ದಾರ ದಾರವಾಗಿ ಅಂಟಿ ಬಂದರೆ ಬೆಂದದ್ದು ಸಾಲದು.

ಬೆಂದದ್ದು ಸಾಲದಿದ್ದರೆ ಮತ್ತೆ ಒಲೆಗೆ ಹಾಕಿ ಒಂದೆರಡು ನಿಮಿಷ ತಿರುವಿ. ಮೈಕ್ರೋವೇವ್ ಇದ್ದರೆ 15 ಸೆಕೆಂಡಿನಂತೆ ಬಿಟ್ಟು ಬಿಟ್ಟು ಬಿಸಿ ಮಾಡಿ, ಪ್ರತಿ ಸಲವೂ ನಾದಿ ನೋಡಿ. ಹೆಚ್ಚು ಬೆಂದದ್ದಕ್ಕೆ ಗೋಂದನ್ನು ಅರ್ಧ ಚಮಚದಂತೆ ಹಾಕಿ ಬೆಚ್ಚಗಿರುವಾಗ ನಾದಿದರೆ ಕೆಲವೊಮ್ಮೆ ಸರಿಯಾಗುತ್ತದೆ. ಕೈಗೆ ತರಿತರಿ ಹತ್ತಿದರೆ ಮಾತ್ರ ಆಸೆ ಬಿಡಿ, ಆ ತರಿ ಕರಗುವುದಿಲ್ಲ.

ಕೈಗೆ ಅಂಟುತ್ತದೆ ಎಂದು ಒಣ ಕಾರ್ನ್‌ಫ್ಲೋರ್ ಉದುರಿಸುತ್ತಾ ನಾದುವ ಅಭ್ಯಾಸ ಬಹಳ ಜನರಲ್ಲಿ ಉಂಟು. ಇದು ದೋಷವನ್ನು ಮುಂದೂಡುತ್ತದೆ ಅಷ್ಟೇ. ಆ ಹಿಟ್ಟು ಬೆಂದದ್ದಲ್ಲ, ಹಾಗಾಗಿ ಅದಕ್ಕೆ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಇವತ್ತು ಅಂಟು ಹೋಗುತ್ತದೆ, ನಾಲ್ಕು ದಿನ ಬಿಟ್ಟು ಮೈಯೆಲ್ಲ ಬಿರಿಯುತ್ತದೆ. ಅದರ ಬದಲು ಕೈಗೆ ಒಂದು ಹನಿ ಎಣ್ಣೆ ಸವರಿ. ಮುದ್ದೆಯನ್ನು ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನಾದಿ ನೋಡಿ. ಹೆಚ್ಚಿನ ಅಂಟು ತಾನಾಗಿ ಇಳಿದಿರುತ್ತದೆ, ಯಾಕೆಂದರೆ ಅಷ್ಟರಲ್ಲಿ ತೇವ ಮುದ್ದೆಯಿಡೀ ಸಮನಾಗಿ ಹರಡಿರುತ್ತದೆ. ಇಳಿಯದಿದ್ದರೆ ಬೇಯಿಸಿದ್ದು ಸಾಲಲಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಸೆಖೆಯ ದಿನಗಳಲ್ಲಿ ಅಂಗೈ ಬೆವರಿನಿಂದಲೂ ಮೇಲ್ಮೈ ಜಿಗುಟಾಗುತ್ತದೆ. ಕೈ ತೊಳೆದು ಒರೆಸಿಕೊಂಡು ಮತ್ತೆ ಮುಟ್ಟಿ ನೋಡುವುದು ಮರೆಯಬೇಡಿ.

ಬಿರುಕು

ಅತಿ ಹೆಚ್ಚು ಬೇಸರ ತರುವುದು ಇದೇ. ಎಷ್ಟೋ ಹೊತ್ತು ಕೂತು ಮಾಡಿದ್ದು ಮರುದಿನ ಬಾಯಿ ಬಿಟ್ಟಿರುತ್ತದೆ, ಅಲ್ವಾ? ಆದರೆ ಬಿರುಕಿನಷ್ಟು ಸ್ಪಷ್ಟವಾಗಿ ತನ್ನ ಕಾರಣ ಹೇಳುವ ದೋಷ ಬೇರೆ ಇಲ್ಲ. ಅದರ ಆಕಾರ ನೋಡಿ.

ಬೇಸಿಗೆಯ ಗದ್ದೆ ಬಿರಿದ ಹಾಗೆ ಮೈಯೆಲ್ಲ ಸಣ್ಣ ಬಲೆ ಬಿದ್ದಿದ್ದರೆ, ಮೇಲ್ಪದರ ಒಳಗಿಗಿಂತ ಬೇಗ ಒಣಗಿದೆ. ಫ್ಯಾನಿನ ಕೆಳಗೆ ಇಟ್ಟದ್ದು, ಬಿಸಿಲಿಗೆ ಇಟ್ಟದ್ದು, ಇಲ್ಲವೇ ನಾದುವಾಗ ಒಣ ಹಿಟ್ಟು ಹೋಗಿದ್ದು. ಮಳೆಗಾಲದಲ್ಲಿ ಹೆದರಿ ಫ್ಯಾನ್ ಹಾಕುವವರು ಡಿಸೆಂಬರಿನಲ್ಲೂ ಅದೇ ರೂಢಿ ಮುಂದುವರಿಸುತ್ತಾರೆ. ಡಿಸೆಂಬರಿನಿಂದ ಫೆಬ್ರವರಿ ತನಕ ನಮ್ಮಲ್ಲೂ ಹಗಲಿನ ಗಾಳಿ ಸಾಕಷ್ಟು ಒಣಗಿರುತ್ತದೆ. ಆಗ ಮೊದಲ ದಿನ ವಸ್ತುವಿನ ಮೇಲೆ ತೆಳ್ಳನೆ ಹತ್ತಿ ಬಟ್ಟೆ ಮುಚ್ಚಿಡಿ. ಎರಡನೇ ದಿನ ಬಟ್ಟೆ ತೆಗೆಯಿರಿ. ದಿನಕ್ಕೆರಡು ಸಲ ಮಗುಚಿ ಹಾಕಿ.

ದಪ್ಪ ಜಾಗದಲ್ಲಿ ಒಂದೇ ಒಂದು ಆಳವಾದ ಬಿರುಕು ಇದ್ದರೆ ಅದು ದಪ್ಪದ ದೋಷ. ಈ ಕ್ಲೇ ಒಣಗುವಾಗ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಮಟ್ಟುಗುಳ್ಳ ಮಾಡಲು ಹೊರಟವರಿಗೆ ಇದು ಚೆನ್ನಾಗಿ ಗೊತ್ತು. ಗುಂಡಗಿನ ತಿಳಿಹಸಿರು ಬದನೆ, ಮೇಲೆ ಬಿಳಿ ಗೆರೆ, ನೋಡಲು ಸುಲಭದ ಆಕಾರ. ಇಡೀ ಗಟ್ಟಿ ಉಂಡೆಯಿಂದ ಮಾಡಿದರೆ ಹೊರಗಿನ ಸಿಪ್ಪೆ ಮೊದಲು ಒಣಗಿ ಬಿಗಿಯುತ್ತದೆ. ಆಮೇಲೆ ಒಳಗಿನದ್ದು ನಿಧಾನಕ್ಕೆ ಕುಗ್ಗಲು ಹೋಗುತ್ತದೆ. ಆ ಎಳೆದಾಟದಲ್ಲಿ ತೊಟ್ಟಿನ ಹತ್ತಿರ ಬಾಯಿ ಬಿಡುತ್ತದೆ. ಇದಕ್ಕೆ ಉಪಾಯ ಉಂಟು. ಒಳಗೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಉಂಡೆ ಮಾಡಿ ಇಡಿ, ಮೇಲೆ 4–5 ಮಿಲಿಮೀಟರ್ ಕ್ಲೇ ಹೊದಿಸಿ. ಫಾಯಿಲ್ ಉಂಡೆಯನ್ನು ಕಲ್ಲಿನಂತೆ ಗಟ್ಟಿ ಒತ್ತಬೇಡಿ. ಅದು ಸ್ವಲ್ಪ ಬಗ್ಗಿದರೆ ಮಾತ್ರ ಕ್ಲೇಗೆ ಕುಗ್ಗಲು ಜಾಗ ಸಿಗುವುದು. ಇನ್ನೂ ದಪ್ಪ ಬೇಕಾದರೆ ಒಂದು ಪದರ ಒಣಗಿದ ಮೇಲೆ ಗೋಂದು ಸವರಿ ಇನ್ನೊಂದು.

ತಂತಿಯ ಉದ್ದಕ್ಕೆ ಅಥವಾ ಜೋಡಣೆಯ ಸುತ್ತ ಉಂಗುರದಂತೆ ಬಿರಿದರೆ, ಒಳಗಿರುವ ಗಟ್ಟಿ ವಸ್ತು ಕುಗ್ಗಲು ಬಿಡಲಿಲ್ಲ ಎಂದರ್ಥ. ಯಕ್ಷಗಾನದ ಬೊಂಬೆಗೆ ಕೇದಗೆ ಮುಂದಲೆ ಎಂಬ ತಲೆಯ ವೇಷ ಕೂರಿಸುವಾಗ, ಹುಲಿವೇಷದ ಬೊಂಬೆಗೆ ಎತ್ತಿದ ಕೈ ಮಾಡುವಾಗ ತಂತಿ ಬೇಕೇ ಬೇಕು. ತಂತಿಗೆ ಮೊದಲು ಟಿಶ್ಯೂ ಕಾಗದ ಸುತ್ತಿ, ಗೋಂದು ಹಚ್ಚಿ, ಆಮೇಲೆ ಕ್ಲೇ ಹಾಕಿ. ಕಾಗದದ ಪದರ ಎಳೆತವನ್ನು ತಾನು ತೆಗೆದುಕೊಳ್ಳುತ್ತದೆ. ಕಬ್ಬಿಣದ ಕಟ್ಟು ತಂತಿ ಬೇಡ, ತುಕ್ಕಿನ ಕಲೆ ಮೇಲೆ ಬರುತ್ತದೆ. ತಾಮ್ರ ಅಥವಾ ಅಲ್ಯೂಮಿನಿಯಂ ತಂತಿ ಒಳ್ಳೆಯದು.

ಹೂವುಗಳ ಕಥೆ ಬೇರೆ. ಶಂಕರಪುರ ಮಲ್ಲಿಗೆಯ ಎಸಳು ಮಾಡುವಾಗ ಕ್ಲೇ ಒಂದು ಮಿಲಿಮೀಟರ್‌ಗಿಂತಲೂ ತೆಳುವಾಗಿರುತ್ತದೆ. ಅದು ಬಿರಿಯುವುದು ಕಡಿಮೆ, ಆದರೆ ಅಂಚು ಸುರುಳಿ ಸುತ್ತುತ್ತದೆ. ಒಂದು ಬದಿ ಮಾತ್ರ ಗಾಳಿಗೆ ತೆರೆದಿದ್ದು, ಇನ್ನೊಂದು ಬದಿ ತಟ್ಟೆಗೆ ಅಂಟಿಕೊಂಡಿದ್ದರೆ ಹೀಗಾಗುತ್ತದೆ. ಎಸಳುಗಳನ್ನು ಸ್ಪಂಜಿನ ಮೇಲೆ ಒಣಗಿಸಿ, ಅಡಿಯಿಂದಲೂ ಗಾಳಿ ಸಿಗುತ್ತದೆ.

ಬಿದ್ದ ಬಿರುಕು ತುಂಬಲು ಅದೇ ಕ್ಲೇಯ ಒಂದು ಚೂರನ್ನು ಗೋಂದು ಮತ್ತು ಒಂದೆರಡು ಹನಿ ನೀರಿನಲ್ಲಿ ಅರೆದು ಮುಲಾಮಿನ ಹದಕ್ಕೆ ತನ್ನಿ. ಆದರೆ ತೂಕ ನಿಂತ ಮೇಲೆ ತುಂಬಿ. ಕುಗ್ಗುವುದು ಮುಗಿಯುವ ಮೊದಲು ತುಂಬಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ.

ಒಣಗಲೇ ಇಲ್ಲ, ಬೂಷ್ಟು ಬಂತು

ಅಷ್ಟಮಿ, ಚೌತಿ ಎರಡೂ ಮಳೆಯ ದಿನಗಳಲ್ಲೇ ಬರುತ್ತವೆ. ಪುಟ್ಟ ಕೃಷ್ಣ, ಮೊಸರು ಕುಡಿಕೆ, ಗಣಪತಿ, ಹುಲಿವೇಷದ ಮುಖ ಎಲ್ಲ ಮಾಡಲು ಮಕ್ಕಳು ಕೂರುವುದೂ ಆಗಲೇ. ಕ್ಲೇಗೆ ವರ್ಷದಲ್ಲಿ ಅತಿ ಕೆಟ್ಟ ಕಾಲವೂ ಅದೇ, ಎಂತ ಮಾಡುವುದು ಮಾರಾಯ್ರೆ! ಬೇರೆ ಊರಿನ ವೀಡಿಯೊದಲ್ಲಿ ಮೂರು ದಿನಕ್ಕೆ ಒಣಗಿದ ವಸ್ತು ಇಲ್ಲಿ ಹತ್ತು ದಿನವಾದರೂ ಉಗುರು ಒತ್ತಿದರೆ ಕುಳಿ ಬೀಳುತ್ತದೆ. ಪಿಷ್ಟ, ತೇವ, ಬೆಚ್ಚನೆಯ ಗಾಳಿ. ಬೂಷ್ಟಿಗೆ ಇನ್ನೇನು ಬೇಕು?

ಮೊದಲು ಬೂಷ್ಟು ಎಷ್ಟು ಆಳಕ್ಕಿದೆ ನೋಡಿ. ಒಣ ಬಟ್ಟೆಯಲ್ಲಿ ಒರೆಸಿದಾಗ ಹೋಗಿ, ಕೆಳಗೆ ಕಲೆ ಉಳಿಯದಿದ್ದರೆ ಅದು ಮೇಲಿನದ್ದು. ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ತೂಕ ನಿಂತ ಮೇಲೆ ಬಣ್ಣ ಹಚ್ಚಬಹುದು. ಕಪ್ಪು ಚುಕ್ಕಿ ಉಳಿದರೆ, ಹುಳಿ ವಾಸನೆ ಬಂದರೆ, ಬೇರು ಒಳಗೆ ಹೋಗಿದೆ. ಅದನ್ನು ಎಸೆಯಿರಿ. ಮಕ್ಕಳು ಮುಟ್ಟುವ ವಸ್ತುವಾದರೆ ಯೋಚಿಸಲೂ ಬೇಡಿ. ಮೇಲೆ ಬಣ್ಣ ಬಳಿದು ಮುಚ್ಚಿದರೆ ಬೂಷ್ಟು ಸಾಯುವುದಿಲ್ಲ, ಬಣ್ಣವನ್ನೇ ಎಬ್ಬಿಸಿಕೊಂಡು ಬರುತ್ತದೆ.

ಬರದಂತೆ ಮಾಡಲು ವಿನೆಗರ್ ಅಥವಾ ಲಿಂಬೆರಸವನ್ನು ಬಿಡಲೇಬೇಡಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಸೋಡಿಯಂ ಬೆಂಜೊಯೇಟ್ ಒಂದು ಕಪ್ ಹಿಟ್ಟಿಗೆ ಅರ್ಧ ಸಣ್ಣ ಚಮಚ ಸಾಕು. ಅದು ಕೆಲಸ ಮಾಡುವುದು ಹುಳಿ ಇರುವಲ್ಲಿ ಮಾತ್ರ, ಹಾಗಾಗಿ ವಿನೆಗರ್ ಜೊತೆಗೇ ಹೋಗಬೇಕು. ಲವಂಗದ ಎಣ್ಣೆ ಎರಡು ಹನಿ ಹಾಕುವವರೂ ಇದ್ದಾರೆ. ಬೊರಾಕ್ಸ್ ಹಾಕುವ ಸಲಹೆ ಕಂಡರೆ, ಮಕ್ಕಳಿರುವ ಮನೆಯಲ್ಲಿ ಬೇಡ.

ಆದರೆ ಇವೆಲ್ಲ ಸಮಯ ಕೊಡುತ್ತವೆ, ಒಣಗಿಸುವುದಿಲ್ಲ. ಒಣಗಿಸಲು ಬೆಚ್ಚಗಿನ, ಒಣಗಿದ ಗಾಳಿ ಬೇಕು. ಸುರಿಯುವ ಮಳೆಯಲ್ಲಿ ಫ್ಯಾನ್ ಒಂದೇ ಹಾಕಿದರೆ ಹಸಿ ಗಾಳಿಯನ್ನೇ ತಿರುಗಿಸಿದ ಹಾಗಾಗುತ್ತದೆ, ಲಾಭ ಸ್ವಲ್ಪವೇ. ಎಸಿ ಇರುವ ಕೋಣೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಎಸಿ ಗಾಳಿಯ ನೀರನ್ನು ಇಳಿಸಿ ಹೊರಗೆ ಹಾಕುತ್ತದೆ. ಇಲ್ಲದಿದ್ದರೆ ಮೊದಲ ಎರಡು ದಿನ ಕೋಣೆಯಲ್ಲೇ ಬಿಟ್ಟು, ಮೇಲ್ಮೈ ಗಟ್ಟಿಯಾದ ಮೇಲೆ ಸಿಲಿಕಾ ಜೆಲ್ ಹಾಕಿದ ದೊಡ್ಡ ಡಬ್ಬಕ್ಕೆ ವರ್ಗಾಯಿಸಿ. ಹಳೆಯ ಬಗೆಯ ಫಿಲಮೆಂಟ್ ಬಲ್ಬಿನ ಟೇಬಲ್ ಲ್ಯಾಂಪ್ ಇದ್ದರೆ ಒಂದು ಅಡಿ ದೂರದಿಂದ ಬೆಚ್ಚಗೆ ಮಾಡಬಹುದು, ಹತ್ತಿರ ನೀವು ಇರುವಾಗ ಮಾತ್ರ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನ ಇಲ್ಲ, ಅದರ ಬೆಳಕಿನಲ್ಲಿ ಬಿಸಿ ಇಲ್ಲವೆನ್ನುವಷ್ಟು ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಅರ್ಧ ಸೆಂಟಿಮೀಟರ್‌ಗಿಂತ ದಪ್ಪದ ಯಾವುದನ್ನೂ ಈ ಕ್ಲೇಯಲ್ಲಿ ಮಾಡಬಾರದು. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ) ಬೊಂಬೆಗಳಂಥ ದೊಡ್ಡ ಕೆಲಸ ನವೆಂಬರ್ ಕೊನೆಗೆ ಹಿಡಿದರೆ ಕ್ರಿಸ್ಮಸ್‌ಗೆ ಆರಾಮವಾಗಿ ಒಣಗಿರುತ್ತದೆ.

ಮಧ್ಯಾಹ್ನ ಬಗ್ಗುತ್ತದೆ, ಬೆಳಿಗ್ಗೆ ಗಟ್ಟಿ

ಇದು ಏಪ್ರಿಲ್, ಮೇ ತಿಂಗಳ ದೂರು. ತೂಕ ನಿಂತಿದೆ, ಬೂಷ್ಟಿಲ್ಲ, ಆದರೂ ಎಸಳು ಜೋತು ಬೀಳುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ನೋಡಿ. ಗಟ್ಟಿಯಾದರೆ ನೀರಿನ ತಪ್ಪಲ್ಲ, ಗೋಂದಿನ ಗುಣ. ಒಣಗಿದ ಬಿಳಿ ಗೋಂದು 30–40 ಡಿಗ್ರಿ ಬಿಸಿಯ ಆಸುಪಾಸಿನಲ್ಲೇ ಮೆತ್ತಗಾಗಲು ಶುರುವಾಗುತ್ತದೆ, ನಮ್ಮ ಬೇಸಿಗೆ ಮಧ್ಯಾಹ್ನಕ್ಕೆ ಅಷ್ಟು ಸಾಕು. ಇದಕ್ಕೆ ಮದ್ದಿಲ್ಲ, ಆಸರೆ ಕೊಡಬೇಕು ಅಷ್ಟೇ. ಉದ್ದನೆಯ ಭಾಗಗಳಿಗೆ ತಂತಿ ಹಾಕಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬೊಂಬೆ ತೂಗುಹಾಕಬೇಡಿ.

ಉಪ್ಪಿನ ಹಿಟ್ಟು ಬೆವರುವುದು

ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಸುಮಾರು ಒಂದು ಕಪ್ ನೀರು. ಓವನ್ನಿನಲ್ಲಿ 100–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಅದಕ್ಕಿಂತ ಜಾಸ್ತಿ ಬಿಸಿ ಕೊಟ್ಟರೆ ಗುಳ್ಳೆ ಏಳುತ್ತದೆ. ಖರ್ಚು ಕಡಿಮೆ, ಮಕ್ಕಳಿಗೆ ಸುಲಭ, ಹೊರಬಂದಾಗ ಕಲ್ಲಿನಷ್ಟು ಗಟ್ಟಿ. ಮೊದಲ ಮಳೆಗೆ ಗೋಡೆಯ ಮೇಲೆ ನೀರು ಹನಿಸಲು ಶುರು.

ಕಾರಣ ಪೂರ್ತಿ ಉಪ್ಪು. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಗಾಳಿ ದಿನದ ಹೆಚ್ಚಿನ ಹೊತ್ತು ಆ ಗೆರೆಯ ಮೇಲೇ ಇರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬ ಜುಲೈಯಲ್ಲಿ ಒದ್ದೆಯಾಗುವುದೂ ಇದಕ್ಕೇ. ಹರಳುಪ್ಪು ಪುಡಿ ಮಾಡಿ ಹಾಕಿದರೆ ಇನ್ನೂ ಕಷ್ಟ. ಅದರಲ್ಲಿ ಉಳಿದಿರುವ ಮೆಗ್ನೀಶಿಯಂ ಲವಣ ಇನ್ನೂ ಕಡಿಮೆ ತೇವದಲ್ಲೇ ನೀರು ಎಳೆಯುತ್ತದೆ. ಹಾಕುವುದಾದರೆ ಶುದ್ಧ ಮಾಡಿದ ಪುಡಿ ಉಪ್ಪು ಹಾಕಿ.

ವಾರ್ನಿಶ್ ಹೊಡೆದರೂ ಬೆವರುತ್ತದೆ ಎನ್ನುವವರು ವಸ್ತುವನ್ನು ತಿರುಗಿಸಿ ಹಿಂಬದಿ ನೋಡಬೇಕು. ಮುಂದೆ ಹೊಳಪು, ಹಿಂದೆ ಖಾಲಿ. ನೀರು ಅಲ್ಲಿಂದಲೇ ಹೋಗುತ್ತದೆ. ಮೆತ್ತಗಾದದ್ದನ್ನು ಉಳಿಸಲು 100 ಡಿಗ್ರಿಯಲ್ಲಿ ಒಂದು ಗಂಟೆ ಮತ್ತೆ ಬಿಸಿ ಮಾಡಿ. ಅದಕ್ಕೆ ಮೊದಲು ಹಳೆಯ ವಾರ್ನಿಶ್ ಉಜ್ಜಿ ತೆಗೆಯಿರಿ. ತಣಿದ ಕೂಡಲೇ, ಅದೇ ದಿನ, ಎಲ್ಲ ಬದಿಗೂ ತೂತಿನ ಒಳಗೂ ಎರಡು ಕೈ ವಾರ್ನಿಶ್ ಹೊಡೆಯಿರಿ. ಆದರೂ ಇದು ಒಂದೆರಡು ಮಳೆಗಾಲದ ಮಾತು. ಇಟ್ಟುಕೊಳ್ಳಬೇಕಾದ ವಸ್ತುವಿಗೆ ನಮ್ಮ ಊರಿನಲ್ಲಿ ಉಪ್ಪಿನ ಹಿಟ್ಟು ತಕ್ಕದ್ದಲ್ಲ ಎಂದೇ ಹೇಳುತ್ತೇನೆ. ಮಕ್ಕಳು ಆಡಿ ಮುಗಿಸುವುದಕ್ಕೆ ಚೆನ್ನ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ. ಅಷ್ಟು ಉಪ್ಪು ತಿಂದರೆ ನಾಯಿಯ ಜೀವಕ್ಕೇ ಅಪಾಯ.

ಬಣ್ಣ ಮತ್ತು ಹೊಳಪು

ಕ್ಲೇಗೇ ಬಣ್ಣ ಬೆರೆಸಿದ್ದು ಒಣಗಿದ ಮೇಲೆ ಗಾಢವಾದರೆ ಗಾಬರಿ ಬೇಡ. ಕೋಲ್ಡ್ ಪೋರ್ಸಲೇನ್ ಒಣಗಿದಂತೆ ಅರೆಪಾರದರ್ಶಕವಾಗುತ್ತದೆ. ಮೊದಲೇ ಸ್ವಲ್ಪ ಬಿಳಿ ಅಕ್ರಿಲಿಕ್ ಬಣ್ಣ ಸೇರಿಸಿ, ಬೇಕಾದುದಕ್ಕಿಂತ ಒಂದು ಮಟ್ಟ ತಿಳಿಯಾಗಿ ಇಟ್ಟುಕೊಳ್ಳಿ. ಮಲ್ಲಿಗೆಯಂಥ ಬಿಳಿ ಹೂವಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಹೂ ಮಾಸಲಾಗಿ ಕಾಣುತ್ತದೆ.

ಬಣ್ಣ ಸಿಪ್ಪೆಯಾಗಿ ಎದ್ದರೆ ಅದರ ಹಿಂಬದಿ ಮುಟ್ಟಿ ನೋಡಿ. ಜಿಡ್ಡಿದ್ದರೆ ಎಣ್ಣೆ ಜಾಸ್ತಿಯಾಗಿದೆ, ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಹಚ್ಚಿ. ಜಿಡ್ಡಿಲ್ಲದೆ ತೇವ ಇದ್ದರೆ ಒಣಗುವ ಮೊದಲೇ ಹಚ್ಚಿದ್ದೀರಿ.

ಸ್ಪಿರಿಟ್ ವಾರ್ನಿಶ್ ಅಥವಾ ಲ್ಯಾಕರ್ ಮಳೆಯ ದಿನ ಹೊಡೆದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುವುದೇ ಕಾರಣ. ಮಳೆ ಬಿಟ್ಟ ಬಿಸಿಲಿನ ದಿನ ತೆಳ್ಳಗೆ ಇನ್ನೊಂದು ಕೈ ಹೊಡೆದರೆ ಹೆಚ್ಚಾಗಿ ತಿಳಿಯಾಗುತ್ತದೆ. ವಾರ್ನಿಶ್ ಇಲ್ಲದ ವಸ್ತುವನ್ನು ಜಿರಳೆ, ಇರುವೆ ಬಿಡುವುದಿಲ್ಲ. ಅಂಚು ಕೆರೆದ ಹಾಗೆ ಕಂಡರೆ ಬಿರುಕು ಎಂದು ತಿಳಿಯಬೇಡಿ, ಅದು ಜಿರಳೆಯ ಕೆಲಸ.

ಮಳೆಗಾಲದಲ್ಲಿ ಇಡುವುದು

ಬಳಸದೆ ಉಳಿದ ಕ್ಲೇಗೆ ಎಣ್ಣೆ ಸವರಿ, ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ತೆಗೆದ ಕೂಡಲೇ ಬಿಚ್ಚಬೇಡಿ. ತಣ್ಣನೆಯ ಕ್ಲೇ ಮೇಲೆ ಕೋಣೆಯ ತೇವ ನೀರಾಗಿ ಕೂರುತ್ತದೆ. ಸುತ್ತಿದ ಹಾಗೆಯೇ ಒಂದು ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಿ.

ಮುಗಿದ ವಸ್ತುಗಳಲ್ಲಿ ಬೆಲೆಬಾಳುವವನ್ನು ಮೇ ಕೊನೆಯ ಒಳಗೆ ಶೋಕೇಸಿನಿಂದ ತೆಗೆದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚೀಲ ವಸ್ತುವಿಗೆ ತಾಗದಂತೆ ನಡುವೆ ಕಾಗದ ಹಾಕಿ. ಬಣ್ಣ ಬದಲಿಸುವ ಜೆಲ್ ಆದರೆ ಗುರುತಿಸುವುದು ಸುಲಭ. ನೀಲಿಯದ್ದು ತೇವ ಕುಡಿದು ಗುಲಾಬಿಯಾಗುತ್ತದೆ, ಕಿತ್ತಳೆಯದ್ದು ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದೇ ಸರಿ. ಬಣ್ಣ ತಿರುಗಿದ ಮೇಲೆ ಜೆಲ್ ಹರಳುಗಳನ್ನು ತಟ್ಟೆಗೆ ಸುರಿದು ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ. ಮೊದಲಿನ ಬಣ್ಣ ವಾಪಸು ಬಂದರೆ ಮತ್ತೆ ಬಳಸಬಹುದು.